ಮರದರಿಶಿನ: ಸಾರ್ವಜನಿಕರ ಮಾಹಿತಿಗಾಗಿ

ಪರಿಚಯ
ಕಾಸಿನಿಯಂ ಎಂಬುದು ಉಷ್ಣವಲಯದ ಕಾಡುಗಳಲ್ಲಿ ಮರಗಳನ್ನು ಆಶ್ರಯಿಸಿ ಬೆಳೆಯುವ ಕಾಷ್ಠಬಳ್ಳಿಗಳ ಕುಲವಾಗಿದ್ದು, ಅಮೃತಬಳ್ಳಿಯ ಕುಟುಂಬಕ್ಕೆ ಸೇರಿದೆ. ಈ ಕುಲದಲ್ಲಿ ಎರಡು ಪ್ರಭೇದಗಳಿವೆ. ಕಾಸಿನಿಯಂ ಬ್ಲೂಮಿಯಾನಂ ಆಗ್ನೇಯ ಏಷ್ಯಾದಲ್ಲಿ ಮಾತ್ರ ಕಂಡುಬರುತ್ತದೆ. ಕಾಸಿನಿಯಂ ಫೆನೆಸ್ಟ್ರೇಟಂ ಆಗ್ನೇಯ ಏಷ್ಯಾ ಹಾಗೂ ಶ್ರೀಲಂಕಾದ ಜೊತೆಗೆ ನಮ್ಮ ಪಶ್ಚಿಮ ಘಟ್ಟದಲ್ಲಿಯೂ ಬೆಳೆಯುತ್ತದೆ. ಕನ್ನಡದಲ್ಲಿ ಇದಕ್ಕೆ ಮರದರಿಶಿನ ಎಂದು ಹೆಸರು.

ಗುರುತಿಸುವ ವಿಧಾನ
ಎಲೆಗಳು ದೊಡ್ಡವು, ತಳಭಾಗದಲ್ಲಿ ನವಿರಾದ ರೋಮಗಳಿರುತ್ತವೆ. ಹೂಗಳು ಚಿಕ್ಕವಾಗಿದ್ದು, ಗುಂಡನೆಯ ಗೊಂಚಲುಗಳಲ್ಲಿ ಬಿಡುತ್ತವೆ. ಕಾಂಡವನ್ನು ಕತ್ತರಿಸಿದಾಗ ಒಳಭಾಗವು ಅರಿಶಿನದಂತೆ ಹಳದಿಯಾಗಿರುತ್ತದೆ. ಬರ್ಬೆರಿನ್ ಎಂಬ ಕ್ಷಾರೀಯ ಸಸ್ಯಾಂಶವೇ ಈ ಬಣ್ಣಕ್ಕೆ ಕಾರಣ.

ಉಪಯೋಗ
ಕಾಂಡವನ್ನು ಸಾಂಪ್ರದಾಯಿಕ ಔಷಧಗಳಲ್ಲಿಯೂ ಹಳದಿ ಬಣ್ಣದ ತಯಾರಿಕೆಯಲ್ಲಿಯೂ ಬಳಸಲಾಗುತ್ತದೆ. ದಕ್ಷಿಣ ಭಾರತದಲ್ಲಿ ಇದನ್ನು ಹಿಮಾಲಯದ ದಾರುಹರಿದ್ರಾಕ್ಕೆ ಬದಲಿಯಾಗಿ ಉಪಯೋಗಿಸುವುದುಂಟು. ಆದರೆ ಇವೆರಡೂ ಬೇರೆ ಬೇರೆ ಸಸ್ಯಗಳು.

ಅಳಿವಿನ ಭೀತಿಗೆ ಕಾರಣ
ಈ ಬಳ್ಳಿಯ ಬೆಳವಣಿಗೆ ಬಹು ನಿಧಾನ. ಹೂ ಬಿಡಲು ಹಲವು ವರ್ಷಗಳು ಬೇಕು. ಗಂಡು ಹೂ ಹಾಗೂ ಹೆಣ್ಣು ಹೂಗಳು ಬೇರೆ ಬೇರೆ ಬಳ್ಳಿಗಳಲ್ಲಿರುತ್ತವೆ. ಆದುದರಿಂದ ಒಂದು ಪ್ರದೇಶದ ಗಂಡು ಬಳ್ಳಿಗಳನ್ನು ಕಡಿದರೆ, ಉಳಿದ ಹೆಣ್ಣು ಬಳ್ಳಿಗಳಲ್ಲಿ ಬೀಜ ಕಟ್ಟುವುದಿಲ್ಲ. ಔಷಧಕ್ಕೆ ಬೇಕಾದುದು ಎಲೆ ಅಥವಾ ಹಣ್ಣಲ್ಲ, ಕಾಂಡವೇ ಆಗಿರುವುದರಿಂದ ಸಂಗ್ರಹಣೆಯು ಬಳ್ಳಿಯ ನಾಶಕ್ಕೆ ದಾರಿಯಾಗುತ್ತದೆ. ದಕ್ಷಿಣ ಭಾರತದಲ್ಲಿ ಈ ಪ್ರಭೇದವನ್ನು ತೀವ್ರ ಅಪಾಯದಂಚಿನಲ್ಲಿರುವ ಸಸ್ಯವೆಂದು ಪರಿಗಣಿಸಲಾಗಿದೆ.

ಸಾರ್ವಜನಿಕರ ಗಮನಕ್ಕೆ
1. ಮೀಸಲು ಅರಣ್ಯಗಳಿಗೆ ಕರ್ನಾಟಕ ಅರಣ್ಯ ಅಧಿನಿಯಮ, 1963 ಅನ್ವಯಿಸುತ್ತದೆ. ಅನುಮತಿಯಿಲ್ಲದೆ ಬಳ್ಳಿ ಕಡಿಯುವುದು ಅಪರಾಧ.
2. ರಾಷ್ಟ್ರೀಯ ಉದ್ಯಾನ ಹಾಗೂ ಅಭಯಾರಣ್ಯಗಳಲ್ಲಿ ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರ ನಿರ್ಬಂಧಗಳೂ ಜಾರಿಯಲ್ಲಿರುತ್ತವೆ.
3. ಅರಣ್ಯವಾಸಿಗಳು ಕಿರು ಅರಣ್ಯ ಉತ್ಪನ್ನಗಳ ಸಂಗ್ರಹಣೆಯ ಹಕ್ಕನ್ನು ಅರಣ್ಯ ಹಕ್ಕುಗಳ ಅಧಿನಿಯಮ, 2006ರಡಿ ಕೋರಬಹುದು. ಇದರ ಪ್ರಕ್ರಿಯೆಯು ಗ್ರಾಮಸಭೆಯಲ್ಲಿ ಆರಂಭವಾಗುತ್ತದೆ.
4. ಕಾಡಿನಿಂದ ಸಂಗ್ರಹಿಸಿದ ಮರದರಿಶಿನದ ರಫ್ತಿಗೆ ಕೇಂದ್ರ ಸರ್ಕಾರದ ನಿರ್ಬಂಧವಿದೆ.
5. ಸ್ವಂತ ಜಮೀನಿನಲ್ಲಿ ಬೆಳೆದವರು ಕಟಾವು ಹಾಗೂ ಸಾಗಾಣಿಕೆಗೆ ಮುನ್ನ ತಮ್ಮ ವ್ಯಾಪ್ತಿಯ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸತಕ್ಕದ್ದು. ಸಸಿಯನ್ನು ಖರೀದಿಸಿದ ರಸೀದಿ ಹಾಗೂ ಪಹಣಿಯ ಪ್ರತಿಯನ್ನು ಜೊತೆಯಲ್ಲಿ ತರುವುದು ಸೂಕ್ತ.

ಎಚ್ಚರಿಕೆ
ಇದೇ ಕುಟುಂಬದ ಕಾಕಮಾರಿ ಬಳ್ಳಿಯ ಹಣ್ಣು ವಿಷಕಾರಿ. ಪರಿಚಯವಿಲ್ಲದ ಬಳ್ಳಿಯನ್ನು ಮರದರಿಶಿನವೆಂದು ಭಾವಿಸಿ ಔಷಧಕ್ಕೆ ಬಳಸಬಾರದು. ಅರ್ಹ ವೈದ್ಯರ ಸಲಹೆ ಪಡೆಯತಕ್ಕದ್ದು.