ಅಕ್ಷರ ಕೂಡಿದರೆ 876: ಬೀದರಿನ ಮದರಸಾ, ಗವಾನನ ಗೋರಿ

ನಮ್ಮ ಸಂಪಿಗೆ, ತುರುವೇಕೆರೆ ಕಡೆಯ ಕಲ್ಲು ಓದಿ ರೂಢಿಯಾದವನಿಗೆ ಕಾಲನಿರ್ಣಯ ಅಂದರೆ ಶಕವರ್ಷ, ಸಂವತ್ಸರ, ಮಾಸ, ತಿಥಿ. ಬೀದರಿನ ಮಹಮೂದ್ ಗವಾನ್ ಮದರಸಾದ ಮುಂದೆ ಈ ನಾಲ್ಕೂ ಕೆಲಸಕ್ಕೆ ಬರಲಿಲ್ಲ. ಅಲ್ಲಿ ಕಾಲವನ್ನು ಕೂಡಿ ತೆಗೆಯಬೇಕು.

ಅರಬ್ಬಿ ಲಿಪಿಯ ಪ್ರತಿ ಅಕ್ಷರಕ್ಕೂ ಒಂದು ಬೆಲೆಯಿದೆ. ಇದಕ್ಕೆ ಅಬ್ಜದ್ ಅಂತಾರೆ. ನಮ್ಮ ಕಟಪಯಾದಿಯ ದಾಯಾದಿ ಅನ್ನಿ. ಮೇಚಕಲ್ಯಾಣಿಯ ಮ 5, ಚ 6, ತಿರುಗಿಸಿದರೆ 65ನೇ ಮೇಳ. ಅಬ್ಜದ್‌ನಲ್ಲಿ ತಿರುಗಿಸುವುದಿಲ್ಲ, ಸುಮ್ಮನೆ ಕೂಡುವುದು. ಮದರಸಾ ಮುಗಿದ ವರ್ಷಕ್ಕೆ ಆ ಕಾಲದ ಕವಿ ಆರಿಸಿಕೊಂಡದ್ದು ಕುರಾನಿನ ಎರಡನೇ ಅಧ್ಯಾಯದ 127ನೇ ವಚನದ ಮೂರು ಪದ. ಇಬ್ರಾಹಿಂ ಗುಡಿಯ ಗೋಡೆ ಏರಿಸುತ್ತಾ ಈ ಕೆಲಸ ಒಪ್ಪಿಸಿಕೋ ಎಂದು ಬೇಡುವ ಸಂದರ್ಭ. ಮೊದಲ ಪದ 200+2+50+1, ಅಂದರೆ 253. ಎರಡನೆಯದು 400+100+2+30, 532. ಮೂರನೆಯದು 40+50+1, 91. ಒಟ್ಟು 876. ಹಿಜರಿ 876 ಅಂದರೆ ಕ್ರಿ.ಶ. 1471ರ ನಡುವಿನಿಂದ 1472ರ ನಡುವಿನವರೆಗೆ. ಕಟ್ಟಡಕ್ಕೆ ಹೊಂದುವ ಮಾತನ್ನೇ ಹುಡುಕಿ, ಅದರ ಲೆಕ್ಕವೂ ಕೂಡಿಬಂತಲ್ಲ, ಅದು ನನಗೆ ಸೋಜಿಗ.

ಗವಾನ್ ಇರಾನಿನ ಗೀಲಾನಿನಿಂದ 1453ರಲ್ಲಿ ಬೀದರಿಗೆ ಬಂದವನು, ಆಮೇಲೆ ಬಹಮನಿಗಳ ಪ್ರಧಾನಿ. ಮದರಸಾ ನೋಡಿದರೆ ತವರಿನ ನೆನಪು ಗೊತ್ತಾಗುತ್ತದೆ. ಸುಮಾರು 205 ಅಡಿಗೆ 180 ಅಡಿ, ಮೂರು ಅಂತಸ್ತು, ನಡುವೆ ಅಂಗಳ, ಸುತ್ತ ಕೋಣೆ. ಸಮರ್‌ಕಂದ್, ಖುರಾಸಾನಿನ ಮದರಸಾಗಳ ನಕ್ಷೆಯೇ. ಯಜ್ದಾನಿಯವರ ಪ್ರಕಾರ ವಿದ್ಯಾರ್ಥಿಗಳಿಗೆ 36 ಕೋಣೆ, ಅಧ್ಯಾಪಕರಿಗೆ 6 ವಸತಿ. ತೇವ ಏರದಂತೆ ತಳಪಾಯದಲ್ಲಿ ತೆಳು ಸೀಸದ ಹಾಳೆ ಹಾಸಿದ್ದಾರೆ ಅಂತ ಓದಿ ಇಂಜಿನಿಯರ್ ಬುದ್ಧಿ ಕುಣಿಯಿತು. ಇವತ್ತು ನಾವು ಪ್ಲಿಂತ್ ಮಟ್ಟದಲ್ಲಿ ಹಾಕುವ ತೇವತಡೆ ಪದರದ ಕೆಲಸವೇ ಅದು. ಪೂರ್ವದ ಮುಖ ನೋಡಿದರೆ ಮಾತ್ರ ಸಂಕಟ. ಮೊಘಲರ ಕಾಲದಲ್ಲಿ, 17ನೇ ಶತಮಾನದ ಕೊನೆಗೆ, ಒಳಗಿಟ್ಟ ಮದ್ದು ಸಿಡಿದು ಹೆಬ್ಬಾಗಿಲೂ ಒಂದು ಮಿನಾರೂ ಹೋದವು. ಉಳಿದ ಮಿನಾರಿನಲ್ಲಿ ಅಡ್ಡಾದಿಡ್ಡಿ ಗೆರೆಯ ಹೆಂಚಿನ ಚೂರುಗಳು ಇನ್ನೂ ಹೊಳೆಯುತ್ತವೆ.

ಈಗ ಎರಡನೇ ಲೆಕ್ಕ. ಫೆರಿಷ್ತಾ ಹೇಳುವ ಕತೆ ಇದು: ವೈರಿಗಳು ಗವಾನನ ಮುದ್ರೆ ಕಾಯುವವನನ್ನು ಒಲಿಸಿಕೊಂಡು ಖಾಲಿ ಹಾಳೆಗೆ ಮುದ್ರೆ ಒತ್ತಿಸಿದರು. ಆಮೇಲೆ ಅದರ ಮೇಲೆ ಒಡಿಶಾದ ಗಜಪತಿಗೆ ದಂಡೆತ್ತಿ ಬಾ ಎಂದು ಕರೆಯುವ ಓಲೆ ಬರೆದರು. ಸುಲ್ತಾನ ಮೂರನೇ ಮುಹಮ್ಮದ್ ಷಾ ಕೇಳಿದಾಗ ಮುದ್ರೆ ನನ್ನದು, ಬರಹ ನನ್ನದಲ್ಲ ಅಂದನಂತೆ ಮುದುಕ. 1481ರ ಏಪ್ರಿಲ್ 5ರಂದು ಕೊಂಡಪಲ್ಲಿಯ ಪಾಳೆಯದಲ್ಲಿ ತಲೆ ಹಾರಿತು. ಪತ್ರ ಬರೆಯುವ ಕಲೆಯ ಮೇಲೆಯೇ ಗ್ರಂಥ ಬರೆದಿದ್ದ ಮನುಷ್ಯ!

ಗಂಗರ ತಾಮ್ರಪಟಗಳ ಬಗ್ಗೆ ಫ್ಲೀಟ್ ಎತ್ತಿದ ತಕರಾರು ನೆನಪಾಯಿತು. ಹಲವನ್ನು ಅವರು ಕೃತಕ ಅಂದಾಗ ನನ್ನಂಥ ಗಂಗವಾಡಿಯವರಿಗೆ ಸಿಟ್ಟು ಬರುತ್ತೆ. ಆನೆ ಮುದ್ರೆ ಕಂಡರೆ ಸಾಕು, ಪಟ ಸಾಚಾ ಅಂತ ಒಪ್ಪುತ್ತಿದ್ದ ಕಾಲ ನನಗೂ ಇತ್ತು. ಬೀದರಿನಿಂದ ಬಂದ ಮೇಲೆ ಫ್ಲೀಟ್ ಅವರನ್ನು ಮತ್ತೆ ತೆಗೆದು ಓದುತ್ತಿದ್ದೇನೆ.

ಗವಾನನ ಸಾವಿಗೂ ಒಂದು ಕಾಲಸೂಚಕವಿದೆ, ನಿರಪರಾಧಿಯಾಗಿ ಹುತಾತ್ಮನಾದ ಎಂಬ ಅರ್ಥದ್ದು. ಹೆಸರಿನ ಎರಡು ಪದಕ್ಕೆ 98 ಮತ್ತು 78 (ಗ ಅರಬ್ಬಿಯಲ್ಲಿಲ್ಲ, ಕ ಎಂದೇ 20 ಹಿಡಿಯಬೇಕು, ಮೊದಲ ಸಲ ಇಲ್ಲೇ ಎಡವಿದೆ). ಉಳಿದ ಪದಗಳಿಗೆ 710. ಒಟ್ಟು 886. ಮದರಸಾಕ್ಕೂ ಕೊಲೆಗೂ ನಡುವೆ ಹತ್ತೇ ಹಿಜರಿ ವರ್ಷ.

ಗೋರಿ ಊರಾಚೆ, ಗೋರನಳ್ಳಿ ಹತ್ತಿರ. ಬಯಲಲ್ಲಿ ಒಂದು ಕಟ್ಟೆ, ಗುಮ್ಮಟವಿಲ್ಲ. ಕೊಲ್ಲಿಸಿದ ಸುಲ್ತಾನ ಮರುವರ್ಷ, 1482ರಲ್ಲಿ ತೀರಿಕೊಂಡ. ಬಹಮನಿ ಸುಲ್ತಾನರ ಗುಮ್ಮಟಗಳ ಸಾಲು ಅಷ್ಟೂರಿನಲ್ಲಿದೆ. ಅಲ್ಲಿಗೆ ಹೋಗಲು ಆವತ್ತು ಹೊತ್ತು ಸಾಲಲಿಲ್ಲ.