ಕೀಲುಗೊಂಬೆಯ ಕುಣಿತ: ಉಪ್ಪಿನಕುದ್ರುವಿನಿಂದ ಕಂಪ್ಯೂಟರ್ ಆಟದವರೆಗೆ

ಉಡುಪಿ ಜಿಲ್ಲೆಯಲ್ಲಿ ಸೂತ್ರದ ಗೊಂಬೆಯಾಟದ ಮಾತು ಬಂದರೆ ಮೊದಲು ನೆನಪಾಗುವ ಊರು ಕುಂದಾಪುರ ಸಮೀಪದ ಉಪ್ಪಿನಕುದ್ರು. ಹೊಳೆನೀರಿನ ನಡುವಿನ ಈ ಊರಿನ ಕಾಮತ್ ಮನೆತನದವರು ಯಕ್ಷಗಾನ ಗೊಂಬೆಯಾಟವನ್ನು ತಲೆಮಾರುಗಳಿಂದ ನಡೆಸಿಕೊಂಡು ಬಂದಿದ್ದಾರೆ. ಮನೆತನದ ಹೇಳಿಕೆಯಂತೆ ಈ ಪರಂಪರೆಗೆ ಮುನ್ನೂರು ವರ್ಷಗಳಿಗೂ ಮೀರಿದ ವಯಸ್ಸು. 20ನೆಯ ಶತಮಾನದಲ್ಲಿ ಅದನ್ನು ಉಳಿಸಿ ಬೆಳೆಸಿದವರು ದೇವಣ್ಣ ಪದ್ಮನಾಭ ಕಾಮತ್, ಅವರ ಮಗ ಕೊಗ್ಗ ಕಾಮತ್ ಮತ್ತು ಮೊಮ್ಮಗ ಭಾಸ್ಕರ ಕೊಗ್ಗ ಕಾಮತ್. ಕೊಗ್ಗ ಕಾಮತರಿಗೆ ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ ಸಂದಿತು. ಮಧ್ಯಪ್ರದೇಶ ಸರಕಾರದ ತುಳಸಿ ಸಮ್ಮಾನವೂ ದೊರೆಯಿತು.

ಈ ಗೊಂಬೆಗಳಿಗೆ ಮಾದರಿ ಬಡಗುತಿಟ್ಟಿನ ಬಯಲಾಟ. ಭಾಗವತರ ಪದ, ಮದ್ದಳೆ, ಚೆಂಡೆ, ಅರ್ಥಗಾರಿಕೆ ಎಲ್ಲವೂ ಅಲ್ಲಿಯವೇ. ವೇಷಗಾರಿಕೆಯೂ ಹಾಗೆಯೇ: ಮುಂಡಾಸು, ಕಿರೀಟ, ಭುಜಕೀರ್ತಿ, ಎದೆಪದಕಗಳೆಲ್ಲ ಎರಡು ಅಡಿಗಿಂತ ಚಿಕ್ಕ ಮರದ ಮೈಯ ಮೇಲೆ ಅಳತೆ ತಪ್ಪದೆ ಕೂರಬೇಕು. ಮಾದರಿ ಇಷ್ಟು ಸ್ಪಷ್ಟವಾಗಿದ್ದುದೇ ಗೊಂಬೆ ಕಟ್ಟುವವರ ಕೆಲಸವನ್ನು ಕಠಿಣಗೊಳಿಸಿತು. ಯಕ್ಷಗಾನದಲ್ಲಿ ಹೆಜ್ಜೆಗಾರಿಕೆಯೇ ಮುಖ್ಯವಾದ್ದರಿಂದ ಕಾಲಿಲ್ಲದ ಗೊಂಬೆಯಿಂದ ಆಟ ನಡೆಯದು. ರಾಜಸ್ಥಾನದ ಕಠಪುತಲಿಗೆ ಕಾಲಿಲ್ಲ. ನೆಲ ಮುಟ್ಟುವ ಲಂಗ ಆ ಕೊರತೆಯನ್ನು ಮುಚ್ಚುತ್ತದೆ, ಬೆರಳಿಗೆ ಸುತ್ತಿದ ಎರಡರಿಂದ ಐದು ದಾರ ಸಾಕಾಗುತ್ತದೆ. ಒಡಿಶಾದ ಗೋಪಲೀಲಾ ಗೊಂಬೆಗೂ ಕಾಲಿಲ್ಲ. ತಮಿಳುನಾಡಿನ ಬೊಮ್ಮಲಾಟದ ದೊಡ್ಡ ಗೊಂಬೆಗಳು ನಾಲ್ಕೂವರೆ ಅಡಿ ಎತ್ತರ, ಸುಮಾರು 10 ಕಿಲೋ ತೂಕ ಇರುವುದುಂಟು. ಅವನ್ನು ಆಡಿಸಲು ದಾರದ ಜೊತೆಗೆ ಸಲಾಕೆಯೂ ಬೇಕು. ಕರ್ನಾಟಕದ ಯಕ್ಷಗಾನ ಗೊಂಬೆಗೆ ಭುಜ, ಮೊಣಕೈ, ಸೊಂಟ, ಮೊಣಕಾಲುಗಳಲ್ಲಿ ಕೀಲುಗಳಿವೆ. ಹಿಡಿಕೆಗೆ ಕಟ್ಟಿದ ಐದರಿಂದ ಏಳು ಸೂತ್ರಗಳು ಅದನ್ನು ನಡೆಸುತ್ತವೆ. ಚಲನೆ ಜಟಿಲವಾದಾಗ ಒಂದೇ ಗೊಂಬೆಗೆ ಇಬ್ಬರು ಮೂವರು ಕೈ ಹಚ್ಚುತ್ತಾರೆ.

ಕೀಲು ಹೆಚ್ಚಿದಂತೆ ತೊಡಕೂ ಹೆಚ್ಚುತ್ತದೆ. ಸೂತ್ರಕ್ಕೆ ಎಳೆಯಲು ಬರುತ್ತದೆ, ತಳ್ಳಲು ಬರುವುದಿಲ್ಲ. ಮೇಲೆತ್ತಿದ ಕೈ ತನ್ನ ಭಾರದಿಂದಲೇ ಕೆಳಗಿಳಿಯಬೇಕು. ಕೈ ತೀರ ಹಗುರವಾದರೆ ಉಡುಪಿನ ಬಿಗಿತಕ್ಕೆ ಸಿಕ್ಕಿ ಅರ್ಧದಲ್ಲೇ ನಿಲ್ಲುತ್ತದೆ. ಭಾರವಾದರೆ ಧೊಪ್ಪನೆ ಬೀಳುತ್ತದೆ. ಸಡಿಲ ಬಿಟ್ಟ ಮೊಣಕಾಲು ಹಿಂದಕ್ಕೂ ಮುಂದಕ್ಕೂ ಮಡಿಚುತ್ತದೆ, ಬಿಗಿ ಮಾಡಿದರೆ ಹೆಜ್ಜೆ ಮೂಡುವುದಿಲ್ಲ. ಒಂದೇ ದಿಕ್ಕಿಗೆ ಮಡಿಚುವಂತೆ ಕೀಲಿನ ಬಾಯನ್ನು ಕೆತ್ತುವುದು ಇದಕ್ಕಿರುವ ಉಪಾಯ.

ತೂಗಾಟ ಇನ್ನೊಂದು ತೊಡಕು. ದಾರಕ್ಕೆ ಕಟ್ಟಿದ ಯಾವ ವಸ್ತುವೂ ಲೋಲಕವೇ. ಒಂದು ಮೀಟರ್ ಉದ್ದದ ಲೋಲಕ ಹೋಗಿ ಬರಲು ಸುಮಾರು 2 ಸೆಕೆಂಡು ಬೇಕು. ಉದ್ದ ಕಾಲುಭಾಗಕ್ಕೆ ಇಳಿದರೆ ಸಮಯ ಅರ್ಧವಾಗುತ್ತದೆ. ಹೀಗಾಗಿ ಉದ್ದ ಸೂತ್ರದ ತುದಿಯಲ್ಲಿರುವ ಮೈ ನಿಧಾನವಾಗಿ ತೂಗುವಾಗ ಗಿಡ್ಡ ತೋಳು ಬೇಗ ಬೇಗ ಆಡುತ್ತದೆ. ಈ ಎರಡು ಲಯಗಳೂ ಚೆಂಡೆಯ ಪೆಟ್ಟಿಗೆ ತಾವಾಗಿ ಹೊಂದುವುದಿಲ್ಲ. ಗೊಂಬೆಯ ಪಾದ ರಂಗದ ನೆಲಕ್ಕೆ ತಾಗಿದಾಗ ತೂಗಾಟ ಕಡಿಮೆಯಾಗುತ್ತದೆ. ಪೆಟ್ಟು ಬೀಳುವ ಹೊತ್ತಿಗೆ ಪಾದ ಊರುವಂತೆ ಕೈಯನ್ನು ತುಸು ಮುಂಚೆಯೇ ಇಳಿಸುವುದು ಸೂತ್ರಧಾರನ ಪಳಗಿದ ವಿದ್ಯೆ.

ಇದಕ್ಕೆ ತದ್ವಿರುದ್ಧವಾದ ಗೊಂಬೆಯೂ ಇದೇ ನೆಲದಲ್ಲಿದೆ. ಉಡುಪಿಯ ಪರ್ಯಾಯ ಮೆರವಣಿಗೆಯಲ್ಲಿ, ಕರಾವಳಿಯ ಜಾತ್ರೆ ಉತ್ಸವಗಳಲ್ಲಿ ಕಾಣಸಿಗುವ ತಟ್ಟಿರಾಯ ಆಳೆತ್ತರ ಮೀರಿದ, ಒಳಗೆ ಟೊಳ್ಳಾದ ಗೊಂಬೆ. ಬಿದಿರಿನ ಚೌಕಟ್ಟನ್ನು ಹೆಗಲ ಮೇಲೆ ಹೊತ್ತು ಒಳಗೆ ನಿಂತವನು ನಡೆಯುತ್ತಾನೆ, ಗಿರಗಿರನೆ ತಿರುಗುತ್ತಾನೆ. ತಟ್ಟಿರಾಯನ ಕೈಗಳಿಗೆ ಸೂತ್ರವಿಲ್ಲ. ಮೈ ತಿರುಗಿದತ್ತ ಅವು ಬೀಸುತ್ತವೆ, ಮೈ ನಿಂತ ಮೇಲೂ ಒಂದೆರಡು ಕ್ಷಣ ತೊನೆಯುತ್ತವೆ. ಪದದ ಅರ್ಥಕ್ಕೆ ತಕ್ಕ ಅಭಿನಯ ಇಲ್ಲಿ ಬೇಕಿಲ್ಲವಾದ್ದರಿಂದ ಈ ಸಡಿಲತನ ದೋಷವಾಗದೆ ಮೆರವಣಿಗೆಗೆ ಕಳೆ ಕಟ್ಟುತ್ತದೆ.

20ನೆಯ ಶತಮಾನದ ಉತ್ತರಾರ್ಧದಲ್ಲಿ ಕರಾವಳಿಯ ಕಲೆಗಳಿಗೆ ವಿದ್ಯಾಸಂಸ್ಥೆಗಳ ಬೆಂಬಲ ಸಿಕ್ಕಿತು. ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಷನ್ 1949ರಲ್ಲಿ ಉಡುಪಿಯಲ್ಲಿ ತೆರೆದ ಎಂಜಿಎಂ ಕಾಲೇಜು ಅದರ ನೆಲೆಯಾಯಿತು. ಪ್ರಾಂಶುಪಾಲ ಕು.ಶಿ. ಹರಿದಾಸ ಭಟ್ಟರ ಮುತುವರ್ಜಿಯಲ್ಲಿ ಅಲ್ಲಿ ಯಕ್ಷಗಾನ ಕೇಂದ್ರವೂ ಜಾನಪದ ರಂಗಕಲೆಗಳ ಪ್ರಾದೇಶಿಕ ಸಂಪನ್ಮೂಲ ಕೇಂದ್ರವೂ ಹುಟ್ಟಿದವು. ಗಡಿಯಾಚೆ ಕಾಸರಗೋಡಿನಲ್ಲಿ ಕೆ.ವಿ. ರಮೇಶ್ 1981ರಲ್ಲಿ ಗೋಪಾಲಕೃಷ್ಣ ಯಕ್ಷಗಾನ ಬೊಂಬೆಯಾಟ ಸಂಘ ಕಟ್ಟಿ ತೆಂಕುತಿಟ್ಟಿನ ವೇಷ, ಕುಣಿತಗಳನ್ನು ಗೊಂಬೆಗೆ ಅಳವಡಿಸಿದರು.

ಕೀಲುಗೊಂಬೆಯ ಹಳೆಯ ತೊಡಕುಗಳು ಅದೇ ಶತಮಾನದ ಕೊನೆಗೆ ಕಂಪ್ಯೂಟರ್ ಆಟಗಳಲ್ಲಿ ಮತ್ತೆ ತಲೆಯೆತ್ತಿದವು. ಪೆಟ್ಟು ತಿಂದ ಪಾತ್ರ ಸಿದ್ಧ ಚಿತ್ರಿಕೆಯಂತೆ ಬೀಳುವ ಬದಲು ಭಾರ, ವೇಗ, ತಡೆಗಳ ಲೆಕ್ಕದಂತೆ ಕುಸಿಯುವ ವಿಧಾನಕ್ಕೆ ರ‍್ಯಾಗ್‌ಡಾಲ್ ಎಂಬ ಹೆಸರು ಬಂತು. 1998ರ ಟ್ರೆಸ್‌ಪಾಸರ್ ಅದರ ಮೊದಲ ಪ್ರಯೋಗಗಳಲ್ಲೊಂದು. 2000ರ ಹಿಟ್‌ಮ್ಯಾನ್: ಕೋಡ್‌ನೇಮ್ 47 ಆಟಕ್ಕೆ ಥಾಮಸ್ ಜಾಕೊಬ್ಸೆನ್ ಸರಳ ದಾರಿಯೊಂದನ್ನು ರೂಪಿಸಿದರು. ಮೈಯನ್ನು ಬಿಂದುಗಳೆಂದೂ ಎಲುಬುಗಳನ್ನು ಅವುಗಳ ನಡುವಿನ ಬದಲಾಗದ ದೂರವೆಂದೂ ಎಣಿಸಿ, ದೂರ ತಪ್ಪಿದಾಗಲೆಲ್ಲ ಬಿಂದುಗಳನ್ನು ಸರಿಸಿ ಕೂರಿಸುವ ಕ್ರಮ ಅದು. 2004ರಲ್ಲಿ ಬಂದ ಗ್ಯಾರೀಸ್ ಮಾಡ್, ನಿಯಮವಿಲ್ಲದ ಬಯಲಿನಂಥ ಸ್ಯಾಂಡ್‌ಬಾಕ್ಸ್ ಆಟ, ರ‍್ಯಾಗ್‌ಡಾಲನ್ನು ಆಟಗಾರನ ಕೈಗೇ ಕೊಟ್ಟಿತು. ಅಂಗವನ್ನು ಹಿಡಿದು ಎಳೆದು, ಬೇಕಾದ ಭಂಗಿಯಲ್ಲಿ ಸ್ಥಿರಗೊಳಿಸಿ, ಚೌಕಟ್ಟಿನ ಮೇಲೆ ಚೌಕಟ್ಟು ಜೋಡಿಸಿ ಚಲನಚಿತ್ರ ಮಾಡುವ ರೂಢಿ ಬೆಳೆಯಿತು.

ಇಂಥ ಸಾಧನಗಳ ದೋಷಗಳೂ ಪರಿಹಾರಗಳೂ ಗೊಂಬೆ ಕಟ್ಟುವವರಿಗೆ ಹೊಸವಲ್ಲ. ಮೊಣಕಾಲು ಹಿಂದಕ್ಕೆ ಮಡಿಚಿದರೆ ಕೀಲಿನ ಕೋನಕ್ಕೆ ಮಿತಿ ಹಾಕಬೇಕು. ಅಕ್ಕಪಕ್ಕದ ಎಲುಬುಗಳು ಒಂದರೊಳಗೊಂದು ತೂರಿ ಮೈ ನಡುಗಿದರೆ ಅವುಗಳ ನಡುವಿನ ತಾಗುವಿಕೆಯ ಲೆಕ್ಕವನ್ನೇ ಕೈಬಿಡಬೇಕು. ಹಗುರ ಕೈಗೆ ಭಾರದ ಆಯುಧ ಜೋಡಿಸಿ ತೋಳು ಹಿಗ್ಗಿದರೆ ತೂಕಗಳ ಅಂತರವನ್ನು ತಗ್ಗಿಸಬೇಕು, ಇಲ್ಲವೇ ಪ್ರತಿ ಚೌಕಟ್ಟಿನಲ್ಲಿ ತಿದ್ದುವಿಕೆಯ ಸರದಿಗಳನ್ನು ಹೆಚ್ಚಿಸಬೇಕು. ತೂಗಾಟ ನಿಲ್ಲದಿದ್ದರೆ ವೇಗವನ್ನು ಹಂತಹಂತವಾಗಿ ಕುಗ್ಗಿಸುವ ತಡೆ ಬೇಕು.

ಆಟಗಳ ಉದ್ಯಮಕ್ಕೆ ಉಡುಪಿಯೂ ಹೊರತಾಗಲಿಲ್ಲ. 1957ರ ಮಣಿಪಾಲ ತಾಂತ್ರಿಕ ಕಾಲೇಜು, ಕಾರ್ಕಳ ತಾಲೂಕಿನ ನಿಟ್ಟೆಯಲ್ಲಿ 1986ರಲ್ಲಿ ಆರಂಭವಾದ ಎಂಜಿನಿಯರಿಂಗ್ ಕಾಲೇಜುಗಳಿಂದ ಸುತ್ತಲಿನ ಊರುಗಳಲ್ಲೇ ತಂತ್ರಜ್ಞರು ತಯಾರಾದರು. 1996ರಲ್ಲಿ ರೋಹಿತ್ ಭಟ್ ಉಡುಪಿಯಲ್ಲಿ ರೋಬೋಸಾಫ್ಟ್ ಟೆಕ್ನಾಲಜೀಸ್ ಆರಂಭಿಸಿದರು. ಅದರ ಬೆನ್ನಿಗೆ ಬಂದ 99ಗೇಮ್ಸ್, 2013ರಲ್ಲಿ ಧೂಮ್ 3 ಚಿತ್ರದ ಮೊಬೈಲ್ ಆಟವನ್ನೂ 2014ರಲ್ಲಿ ಸ್ಟಾರ್ ಶೆಫ್ ಆಟವನ್ನೂ ಹೊರತಂದಿತು.

ಈಚಿನ ಆಟಗಳು ಸಿದ್ಧ ಚಲನೆಯನ್ನೂ ರ‍್ಯಾಗ್‌ಡಾಲನ್ನೂ ಬೆಸೆಯುತ್ತವೆ. ಪ್ರತಿ ಕೀಲಿಗೂ ಗುರಿಯ ಕೋನವೊಂದನ್ನು ಕೊಟ್ಟು, ಅಲ್ಲಿಗೆ ಎಳೆಯುವ ಬಲವನ್ನು ಸಂದರ್ಭ ನೋಡಿ ಏರಿಸುತ್ತಾರೆ, ಇಳಿಸುತ್ತಾರೆ. ಬಲ ಪೂರ್ತಿ ಇದ್ದಾಗ ಪಾತ್ರ ಸೂತ್ರದ ಗೊಂಬೆಯಂತೆ ಹೇಳಿದ ಹೆಜ್ಜೆಯನ್ನೇ ಇಡುತ್ತದೆ. ಬಲ ಸೊನ್ನೆಗಿಳಿದಾಗ ತಟ್ಟಿರಾಯನ ಕೈಯಂತೆ ಭಾರ ಎಳೆದತ್ತ ಜೋಲುತ್ತದೆ. ಪೆಟ್ಟಿಗೆ ಮುಗ್ಗರಿಸಿ ಮತ್ತೆ ಸಾವರಿಸಿಕೊಳ್ಳುವ ಪಾತ್ರ ಸಾಧ್ಯವಾದದ್ದು ಈ ಎರಡರ ನಡುವಿನ ಹದದಿಂದ.