ದಾಸೋಹ ಸೇವೆಯಲ್ಲಿ ಸೈಬರ್ ಸುರಕ್ಷತೆಯ ಅರಿವು

ಕಾಯಕದಿಂದ ಬಂದುದನ್ನು ಸಮಾಜಕ್ಕೆ ಸಮರ್ಪಿಸುವ ದಾಸೋಹ ಮಾರ್ಗವನ್ನು ಬಸವಾದಿ ಶರಣರು ತೋರಿದರು. ಆ ಪರಂಪರೆಯಲ್ಲಿ ನಾಡಿನ ಅನೇಕ ಮಠಗಳು ಅನ್ನ, ಅಕ್ಷರ, ಆಶ್ರಯಗಳ ತ್ರಿವಿಧ ದಾಸೋಹವನ್ನು ನಡೆಸಿಕೊಂಡು ಬಂದಿವೆ. ಉಚಿತ ಪ್ರಸಾದ ನಿಲಯ, ವೃದ್ಧಾಶ್ರಮ, ಅನಾಥಾಲಯಗಳಿಗೆ ಸೇರುವವರು ಇಂದು ಆಧಾರ್, ಬ್ಯಾಂಕ್ ಪಾಸ್‌ಬುಕ್, ಆದಾಯ ಪ್ರಮಾಣಪತ್ರ, ವೈದ್ಯಕೀಯ ದಾಖಲೆಗಳನ್ನೂ ಒಪ್ಪಿಸುತ್ತಾರೆ. ಆಶ್ರಯ ನೀಡಿದವರು ಈ ದಾಖಲೆಗಳಿಗೂ ಕಾವಲುಗಾರರು.

ಅಪಾಯದ ಸ್ವರೂಪ

ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯಲ್ಲಿ ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು ಮತ್ತು ಬೆರಳಚ್ಚು ಇದ್ದರೆ ಒಟಿಪಿ ಇಲ್ಲದೆಯೇ ಹಣ ಪಡೆಯಬಹುದು. ಹಳ್ಳಿಯ ಹಿರಿಯರಿಗೆ ಇದು ದೊಡ್ಡ ಅನುಕೂಲ. ಆದರೆ ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚನ್ನು ನಕಲು ಮಾಡಿ ಹಣ ದೋಚಿದ ಪ್ರಕರಣಗಳು 2023ರಲ್ಲಿ ಕರ್ನಾಟಕದಲ್ಲಿಯೇ ವರದಿಯಾದವು. ಸಂಧ್ಯಾ ಸುರಕ್ಷಾ ಪಿಂಚಣಿಯನ್ನೇ ನಂಬಿದ ವೃದ್ಧರಿಗೆ ಇಂತಹ ನಷ್ಟವೆಂದರೆ ತಿಂಗಳ ಔಷಧಿಯೇ ತಪ್ಪಿದಂತೆ. ವಿದ್ಯಾರ್ಥಿವೇತನದ ಹೆಸರಿನಲ್ಲಿ ಬರುವ ಸುಳ್ಳು ಕೊಂಡಿಗಳು, ಸ್ವಾಮೀಜಿಯವರ ಭಾವಚಿತ್ರ ಹಾಕಿ ದೇಣಿಗೆ ಕೇಳುವ ನಕಲಿ ಖಾತೆಗಳು, ಪೊಲೀಸರೆಂದು ಹೇಳಿಕೊಂಡು 'ಡಿಜಿಟಲ್ ಅರೆಸ್ಟ್' ಎಂದು ಬೆದರಿಸುವ ಕರೆಗಳು ಇತರ ಬಗೆಗಳು. ಡಿಜಿಟಲ್ ಅರೆಸ್ಟ್ ಎಂಬುದು ನಮ್ಮ ಕಾನೂನಿನಲ್ಲಿಯೇ ಇಲ್ಲ.

ಸೇವಾನಿರತರು ಪಾಲಿಸಬೇಕಾದುದು

- ಗುರುತಿಗೆ ಮಾತ್ರ ಬೇಕಾದಲ್ಲಿ, ಕೊನೆಯ 4 ಅಂಕಿಗಳಷ್ಟೇ ಕಾಣುವ ಮಾಸ್ಕ್ಡ್ ಆಧಾರ್ ಪ್ರತಿಯನ್ನು ಪಡೆಯಬೇಕು.
- ಹಿರಿಯರ ಒಪ್ಪಿಗೆಯೊಂದಿಗೆ ಅವರ ಬೆರಳಚ್ಚನ್ನು ಆಧಾರ್ ಆ್ಯಪ್‌ನಲ್ಲಿ ಲಾಕ್ ಮಾಡಿಸಿ, ಹಣ ಪಡೆಯುವ ದಿನ ತೆರೆಯಬಹುದು.
- ಮಕ್ಕಳ ದಾಖಲೆ, ಭಾವಚಿತ್ರಗಳನ್ನು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹಾಕಬಾರದು.
- ಕಚೇರಿಯ ಗಣಕಯಂತ್ರದಲ್ಲಿ ಪ್ರತಿಯೊಬ್ಬರಿಗೂ ಪ್ರತ್ಯೇಕ ಪಾಸ್‌ವರ್ಡ್ ಇರಲಿ. ಸೇವೆ ಬಿಟ್ಟವರ ಪ್ರವೇಶವನ್ನು ಅಂದೇ ರದ್ದುಪಡಿಸಬೇಕು.
- ಮುಖ್ಯ ದಾಖಲೆಗಳ ಮತ್ತೊಂದು ಪ್ರತಿಯನ್ನು ಅಂತರಜಾಲದ ಸಂಪರ್ಕವಿಲ್ಲದ ಕಡೆ ಇಡಬೇಕು.
- ಹಣ ಸ್ವೀಕರಿಸಲು ಯುಪಿಐ ಪಿನ್ ಬೇಕಿಲ್ಲವೆಂಬುದನ್ನು ದಾಸೋಹದ ಕೌಂಟರಿನಲ್ಲಿರುವವರೂ ತಿಳಿದಿರಬೇಕು.

ಕಾನೂನು

ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 66ಸಿ ಕಲಮಿನಂತೆ ಪರರ ಪಾಸ್‌ವರ್ಡ್ ಅಥವಾ ಗುರುತನ್ನು ವಂಚನೆಯಿಂದ ಬಳಸಿದವರಿಗೆ 3 ವರ್ಷಗಳವರೆಗೆ ಸೆರೆವಾಸ ಮತ್ತು 1 ಲಕ್ಷ ರೂಪಾಯಿವರೆಗೆ ದಂಡವಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ವರ್ಷದೊಳಗಿನವರ ಮಾಹಿತಿ ಬಳಕೆಗೆ ಪಾಲಕರ ಒಪ್ಪಿಗೆಯನ್ನು ಸಾಮಾನ್ಯ ನಿಯಮವಾಗಿಸಿದೆ.

ವಂಚನೆ ನಡೆದಾಗ

ತಡಮಾಡದೆ 1930 ಸಹಾಯವಾಣಿಗೆ ಕರೆಮಾಡಬೇಕು, ಬ್ಯಾಂಕಿಗೂ ತಿಳಿಸಬೇಕು. ವಂಚಕರು ಹಣವನ್ನು ಬೇರೆಡೆಗೆ ಸಾಗಿಸುವ ಮುನ್ನ ದೂರು ತಲುಪಿದರೆ ಅದನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು. ವ್ಯವಹಾರದ ಸಂಖ್ಯೆ, ಸಮಯ, ಬಂದ ಸಂದೇಶಗಳನ್ನು ಅಳಿಸದೆ ಇಟ್ಟುಕೊಳ್ಳಬೇಕು.

ಮೋಸಹೋದವರು ನಾಚಿಕೆಯಿಂದ ಮೌನವಾಗುವುದೇ ವಂಚಕರಿಗೆ ದೊರೆಯುವ ದೊಡ್ಡ ಬಲ. ಆದುದರಿಂದ ನಿಲಯದ ವಿದ್ಯಾರ್ಥಿಯಾಗಲಿ, ಆಶ್ರಮದ ಅಜ್ಜಿಯಾಗಲಿ ಬಂದು ಹೇಳಿಕೊಂಡಾಗ ಗದರದೆ, ಮೊದಲು ದೂರು ದಾಖಲಿಸಲು ನೆರವಾಗಬೇಕು. ನಂಬಿ ಬಂದವರ ಅನ್ನವನ್ನು ಕಾಯುವಷ್ಟೇ ಶ್ರದ್ಧೆಯಿಂದ ಅವರ ಮಾಹಿತಿಯನ್ನು ಕಾಯುವುದೂ ದಾಸೋಹವೇ.